ಕೆಂಪು ಶಾಯಿಯ ಲೆಕ್ಕ



1978ರಲ್ಲಿ ಹೈಸ್ಕೂಲಿನ ಇಂಗ್ಲಿಷು ಉಪಾಧ್ಯಾಯನಾಗಿ ಸೇರಿ 2012ರಲ್ಲಿ ನಿವೃತ್ತನಾದವನು ನಾನು. ಆ 34 ವರ್ಷಗಳಲ್ಲಿ ಎಷ್ಟು ಉತ್ತರ ಪತ್ರಿಕೆಗಳನ್ನು ತಿದ್ದಿದೆನೆಂಬ ಲೆಕ್ಕ ನನ್ನಲ್ಲಿಲ್ಲ. ಪರೀಕ್ಷೆಯ ಕಾಲ ಬಂದಿತೆಂದರೆ ನನ್ನ ಬಲಗೈಯ ಎರಡು ಬೆರಳುಗಳು ಕೆಂಪಾಗುತ್ತಿದ್ದವು. "ಊಟಕ್ಕೆ ಮೊದಲು ಆ ಕೈ ತೊಳೆದುಕೊಳ್ಳಿ, ಯಾರನ್ನೋ ಗಾಯಪಡಿಸಿ ಬಂದ ಹಾಗಿದೆ" ಎಂದು ನನ್ನ ಮನೆಯಾಕೆ ಹಾಸ್ಯ ಮಾಡುತ್ತಿದ್ದಳು. ಆ ಹಾಸ್ಯದಲ್ಲಿ ಎಷ್ಟು ಸತ್ಯವಿತ್ತೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಪರಭಾಷೆಯೊಂದನ್ನು ಕಲಿಯುತ್ತಿರುವ ಮಗು ಅದನ್ನು ಎಷ್ಟು ಕಲಿತಿದೆ ಎಂಬುದನ್ನು ಕಲಿಸುವವನು ಹೇಗೆ ತಿಳಿಯಬೇಕು? ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಪ್ರಶ್ನೆ ಇದು. ಗಣಿತದಲ್ಲಿ ಈ ತೊಡಕು ಕಡಮೆ. ಲೆಕ್ಕ ಬಂದಿತು, ಇಲ್ಲವೆ ಬರಲಿಲ್ಲ. ಭಾಷೆ ಹಾಗಲ್ಲ. ಅದು ಸ್ವಲ್ಪ ಬರುತ್ತದೆ, ತಪ್ಪಾಗಿ ಬರುತ್ತದೆ, ಕೇಳಿದರೆ ತಿಳಿಯುತ್ತದೆ, ಹೇಳಲು ಹೋದರೆ ನಾಲಗೆ ಹಿಂಜರಿಯುತ್ತದೆ. ಇಷ್ಟನ್ನೂ ನೂರರೊಳಗಿನ ಒಂದು ಸಂಖ್ಯೆಯಲ್ಲಿ ಹೇಳಿ ಮುಗಿಸುವುದು ನಮ್ಮ ವೃತ್ತಿ.

ನಮ್ಮ ದೇಶದಲ್ಲಿ ಇಂಗ್ಲಿಷು ವಿದೇಶೀ ಭಾಷೆಯಲ್ಲ, ದ್ವಿತೀಯ ಭಾಷೆ ಎಂದು ವಿದ್ವಾಂಸರು ಹೇಳುತ್ತಾರೆ. ಬೆಂಗಳೂರಿನ ದೊಡ್ಡ ಬೀದಿಗಳಿಗೆ ಅದು ನಿಜವಿರಬಹುದು. ನಾನು ಮೊದಲು ಕೆಲಸ ಮಾಡಿದ್ದು ಬಯಲುಸೀಮೆಯ ಒಂದು ಹೋಬಳಿಯಲ್ಲಿ. ಅಲ್ಲಿನ ಮಕ್ಕಳು ಐದನೆಯ ತರಗತಿಯಲ್ಲಿ ಇಂಗ್ಲಿಷಿನ ಅಕ್ಷರ ತಿದ್ದಲು ತೊಡಗುತ್ತಿದ್ದರು. ದಿನಕ್ಕೊಂದು ಪೀರಿಯಡ್ಡು ಆ ಭಾಷೆ ಕಿವಿಗೆ ಬೀಳುತ್ತಿತ್ತು, ಅದೂ ನನ್ನಂಥವನ ಬಾಯಿಂದ. ಗಂಟೆ ಬಾರಿಸಿದ ಮೇಲೆ ಮರುದಿನದವರೆಗೆ ಅದರ ಸುಳಿವಿಲ್ಲ. ಆ ಮಕ್ಕಳ ಪಾಲಿಗೆ ಅದು ಏಳು ಸಮುದ್ರದಾಚೆಯ ಭಾಷೆಯೇ.

ಈ ಸಮುದ್ರದ ಮಾತು ಬಂದದ್ದರಿಂದ ಒಂದು ಘಟನೆಯನ್ನು ಹೇಳಿಬಿಡಬೇಕು. 1983ರ ಅರ್ಧ ವಾರ್ಷಿಕ ಪರೀಕ್ಷೆ, ಒಂಬತ್ತನೆಯ ತರಗತಿ. ರಜೆಯನ್ನು ಹೇಗೆ ಕಳೆದಿರಿ ಎಂಬುದರ ಮೇಲೆ ಹತ್ತು ಅಂಕಗಳ ಪ್ರಬಂಧ ಕೊಟ್ಟಿದ್ದೆ. ತರಗತಿಯ ಜಾಣನೆನಿಸಿಕೊಂಡ ಹುಡುಗ ಊಟಿಗೆ ಹೋಗಿಬಂದ ಕಥೆ ಬರೆದಿದ್ದ. ಬೆಟ್ಟದ ತಂಪು ಗಾಳಿ, ಹೂವಿನ ತೋಟ, ದೋಣಿಯ ವಿಹಾರ, ಎಲ್ಲವೂ ಇದ್ದವು. ಆ ಹುಡುಗ ತಾಲ್ಲೂಕು ಕೇಂದ್ರವನ್ನು ದಾಟಿದವನಲ್ಲವೆಂದು ನನಗೆ ಗೊತ್ತಿತ್ತು. ಆ ಪ್ರಬಂಧ ಯಾವ ಗೈಡಿನ ಎಷ್ಟನೆಯ ಪುಟದ್ದೆಂಬುದೂ ಗೊತ್ತಿತ್ತು. ಆದರೂ ತಪ್ಪೆಂಬುದು ಎಲ್ಲಿಯೂ ಕಾಣಲಿಲ್ಲವಾದ್ದರಿಂದ ಎಂಟು ಅಂಕ ಕೊಟ್ಟೆ.

ಅದರ ಕೆಳಗಿದ್ದದ್ದು ಕುರಿ ಕಾಯುವವರ ಮನೆಯ ಹುಡುಗನೊಬ್ಬನ ಪತ್ರಿಕೆ. ಅವನು ಬರೆದಿದ್ದದ್ದು ನಾಲ್ಕೇ ವಾಕ್ಯ. "ಮೈ ಹಾಲಿಡೇ ನೋ ಹಾಲಿಡೇ. ಐ ಗೋಡ್ ವಿತ್ ಶಿಪ್. ಒನ್ ಶಿಪ್ ಡೈಡ್. ಮೈ ಫಾದರ್ ನಾಟ್ ಈಟ್ ದಟ್ ಡೇ." ಕುರಿ ಎಂಬರ್ಥದ 'ಶೀಪ್' ಅವನ ಕೈಯಲ್ಲಿ 'ಶಿಪ್' ಆಗಿತ್ತು, ಎಂದರೆ ಹಡಗು. ನಾಲ್ಕು ವಾಕ್ಯಗಳ ಕೆಳಗೂ ಕೆಂಪು ಗೆರೆ ಎಳೆದು ಒಂದೂವರೆ ಅಂಕ ಕೊಟ್ಟೆ. ಒಟ್ಟು ಅಂಕ 31 ಆಯಿತು. 35 ಬರದಿದ್ದರೆ ನಪಾಸು.

ಪತ್ರಿಕೆಗಳನ್ನು ಹಿಂದಿರುಗಿಸುವ ದಿನ ಆ ವಾಕ್ಯಗಳನ್ನು ತರಗತಿಗೆ ಗಟ್ಟಿಯಾಗಿ ಓದಿ, "ನಿಮ್ಮ ಊರಿಗೆ ಸಮುದ್ರ ಯಾವಾಗ ಬಂತಪ್ಪಾ?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಹುಡುಗ ಎದ್ದು ನಿಂತು, "ಸಾರ್, ಅದು ನಾನೇ ಬರೆದದ್ದು ಸಾರ್. ಗೈಡಿಂದಲ್ಲ" ಎಂದ. "ಅದಕ್ಕೇ ಹೀಗಿದೆ" ಎಂದೆ. ಮತ್ತೊಮ್ಮೆ ನಗು. ಅವನು ಕುಳಿತುಕೊಂಡ.

ಆ ಹುಡುಗ ಮುಂದೆ ಏನಾದ ಎಂದು ನೀವು ಕೇಳಬಹುದು. ಅವನು ಶಾಲೆ ಬಿಡಲಿಲ್ಲ. ಮರುವರ್ಷ ಎಸ್.ಎಸ್.ಎಲ್.ಸಿ.ಯನ್ನು ಮೊದಲ ಪ್ರಯತ್ನದಲ್ಲಿಯೇ ಮುಗಿಸಿದ. ಇಂಗ್ಲಿಷಿನಲ್ಲಿ 50ರ ಮೇಲೆ ಅಂಕ ಪಡೆದ. ಹೇಗೆಂದರೆ, ನಾನು ನಕ್ಕ ದಿನದಿಂದಾಚೆಗೆ ಅವನು ತನ್ನ ಸ್ವಂತ ವಾಕ್ಯವೊಂದನ್ನೂ ಬರೆಯಲಿಲ್ಲ. ಗೈಡು ಕೊಂಡು, ಬಾಯಿಪಾಠ ಮಾಡಿ, ಎಲ್ಲರಂತೆ ಅವನೂ ಊಟಿಗೆ ಹೋಗಿಬಂದ. ನನ್ನ ಅಂಕಗಳಿಂದ ಅವನು ಕಲಿತ ಪಾಠ ಅದು. ಸರಿಯಾಗಿ ಕಲಿತ.

ಅದಾಗಿ ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಗೆ ನನ್ನನ್ನು ತರಬೇತಿಗೆ ಕಳುಹಿಸಿದರು. ದಕ್ಷಿಣದ ರಾಜ್ಯಗಳ ಇಂಗ್ಲಿಷು ಉಪಾಧ್ಯಾಯರಿಗಾಗಿ 1963ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿಯ ಗ್ರಂಥಾಲಯದಲ್ಲಿ ಪಿಟ್ ಕಾರ್ಡರ್ ಎಂಬ ಬ್ರಿಟಿಷ್ ವಿದ್ವಾಂಸ 1967ರಲ್ಲಿ ಪ್ರಕಟಿಸಿದ ಒಂದು ಲೇಖನ ನನ್ನ ಕೈಗೆ ಬಂತು. ಕಲಿಯುವವರು ಮಾಡುವ ತಪ್ಪುಗಳ ಮಹತ್ವವೇನು ಎಂಬುದು ಅದರ ವಿಷಯ. ಆಯಾಸದಿಂದಲೋ ಮರೆವಿನಿಂದಲೋ ಆಗುವ ಎಡವು ಬೇರೆ, ಪದೇ ಪದೇ ಒಂದೇ ಬಗೆಯಲ್ಲಿ ಬರುವ ತಪ್ಪು ಬೇರೆ ಎಂದು ಆತ ವಿಂಗಡಿಸುತ್ತಾನೆ. ಎರಡನೆಯ ಬಗೆಯ ತಪ್ಪಿನ ಹಿಂದೆ ಒಂದು ಕ್ರಮವಿರುತ್ತದೆ; ಕಲಿಯುವವನು ಆ ಹೊತ್ತಿಗೆ ತನ್ನೊಳಗೆ ಕಟ್ಟಿಕೊಂಡಿರುವ ವ್ಯಾಕರಣ ಅದರಲ್ಲಿ ಕಾಣುತ್ತದೆ. ಉಪಾಧ್ಯಾಯನಿಗೆ ಶಿಷ್ಯ ಎಲ್ಲಿದ್ದಾನೆಂದು ತಿಳಿಸುವ ಗುರುತು ಅದೇ.

ಓದುತ್ತಿದ್ದಂತೆ ನನಗೆ ಆ ನಾಲ್ಕು ವಾಕ್ಯಗಳು ನೆನಪಾದವು. 'ಐ ಗೋಡ್' ಎಂದು ಹುಡುಗ ಬರೆದನಲ್ಲ, ಆ ಪದವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನಾನು ಹೇಳಿಕೊಟ್ಟದ್ದು 'ವೆಂಟ್'. ಹಾಗಾದರೆ 'ಗೋಡ್' ಎಲ್ಲಿಂದ ಬಂತು? ಭೂತಕಾಲದಲ್ಲಿ ಕ್ರಿಯಾಪದದ ಕೊನೆಗೆ 'ಡ್' ಬರುತ್ತದೆಂಬ ನಿಯಮವನ್ನು ಅವನು ತಾನಾಗಿಯೇ ಕಂಡುಕೊಂಡಿದ್ದ. ಇಂಗ್ಲಿಷರ ಮಕ್ಕಳೂ ತಮ್ಮ ಭಾಷೆ ಕಲಿಯುವಾಗ ಇದೇ ತಪ್ಪು ಮಾಡುತ್ತಾರೆ. ನಮ್ಮ ಮನೆಯ ಮಕ್ಕಳು ಕನ್ನಡದಲ್ಲಿ ಹೀಗೆ ಹೊಸ ರೂಪಗಳನ್ನು ಹುಟ್ಟಿಸಿದಾಗ ನಾವು ನಕ್ಕು ಮುದ್ದಾಡುತ್ತೇವೆ. ಪರೀಕ್ಷೆಯಲ್ಲಾದರೆ ಗೆರೆ ಎಳೆಯುತ್ತೇವೆ. 'ಮೈ ಫಾದರ್ ನಾಟ್ ಈಟ್' ಎಂಬಲ್ಲಿ 'ಡಿಡ್' ಇಲ್ಲವೆಂದು ಅಂಕ ಕಳೆದಿದ್ದೆ. ನಾವು ಕನ್ನಡದಲ್ಲಿ 'ಉಣ್ಣಲಿಲ್ಲ' ಎನ್ನುತ್ತೇವೆ. ಕಾಲ, ನಿಷೇಧ ಎರಡೂ ಆ ಒಂದೇ ಮಾತಿನಲ್ಲಿ ಅಡಗಿವೆ. ಇಂಗ್ಲಿಷಿಗೆ ಅಲ್ಲೊಂದು ಊರುಗೋಲು ಬೇಕೆಂಬುದು ಕನ್ನಡದ ಹುಡುಗನಿಗೆ ತಾನಾಗಿ ಹೊಳೆಯುವುದಲ್ಲ. ಇನ್ನು 'ಒನ್ ಶಿಪ್ ಡೈಡ್' ಎಂಬ ವಾಕ್ಯ; ಒಂದು ಕಾಗುಣಿತವನ್ನು ಬಿಟ್ಟರೆ ಅದರಲ್ಲಿ ದೋಷವೇ ಇರಲಿಲ್ಲ. ಅದರ ಕೆಳಗೂ ನನ್ನ ಗೆರೆ ಓಡಿತ್ತು.

ಊಟಿಯ ಪ್ರಬಂಧದಿಂದ ಆ ಜಾಣ ಹುಡುಗನ ಇಂಗ್ಲಿಷಿನ ಬಗ್ಗೆ ನನಗೆ ಏನು ತಿಳಿಯಿತು? ಅವನ ಜ್ಞಾಪಕಶಕ್ತಿ ಚೆನ್ನಾಗಿದೆ ಎಂದಷ್ಟೆ. ಕುರಿಯ ಪ್ರಬಂಧದಿಂದ ತಿಳಿಯಬಹುದಾಗಿದ್ದದ್ದು ಬಹಳ. ನಾನು ತಿಳಿದುಕೊಳ್ಳಲಿಲ್ಲ.

ಅಂಕವೆಂಬುದು ಎಷ್ಟು ಸ್ಥಿರವಾದ ವಸ್ತು ಎಂಬುದರ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಇಂಗ್ಲಿಷು ವಿಷಯದ ಉತ್ತರ ಪತ್ರಿಕೆಯೊಂದರ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳಿಗೆ ಕಳುಹಿಸಿ ಅಂಕ ಹಾಕಿಸಿದರು. 142 ಮಂದಿ ಉಪಾಧ್ಯಾಯರು ಅದಕ್ಕೆ ಕೊಟ್ಟ ಅಂಕಗಳು 64ರಿಂದ 98ರವರೆಗೆ ಹರಡಿಕೊಂಡಿದ್ದವು. ಪತ್ರಿಕೆ ಒಂದೇ, ಬರೆದ ಹುಡುಗ ಒಬ್ಬನೇ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್, ಸಹೋದ್ಯೋಗಿ ರೋಡ್ಸ್ ಎಂಬಾತನೊಡನೆ 1935ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ವಿಚಿತ್ರವಾದದ್ದು. 14 ಪರೀಕ್ಷಕರಿಗೆ 15 ಇತಿಹಾಸ ಪತ್ರಿಕೆಗಳನ್ನು ಕೊಟ್ಟು, ವರ್ಷ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರ ಕೈಯಿಂದಲೇ ಮತ್ತೆ ತಿದ್ದಿಸಿದರು. 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಮೊದಲು ಪಾಸಾದವನು ನಪಾಸು, ನಪಾಸಾದವನು ಪಾಸು. ಪರೀಕ್ಷಕನಿಗೆ ತನ್ನೊಡನೆಯೇ ಒಮ್ಮತವಿಲ್ಲವೆಂದಾಯಿತು.

ಇದನ್ನೋದಿ ನಾನೂ ಪ್ರಯೋಗ ಮಾಡಿ ನೋಡಿದೆ. ನಾನೇ ತಿದ್ದಿದ್ದ ಒಂದು ಕಟ್ಟಿನ ಪ್ರಬಂಧಗಳನ್ನು ಮಿತ್ರರೊಬ್ಬರಿಂದ ಕಪ್ಪು ಶಾಯಿಯಲ್ಲಿ ನಕಲು ಮಾಡಿಸಿ, ಬೇಸಿಗೆ ರಜೆಯಲ್ಲಿ ಮತ್ತೆ ತಿದ್ದಿದೆ. ಬೆಳಗಿನ ಕಾಫಿಯ ನಂತರ ತಿದ್ದಿದವಕ್ಕೆ ಒಂದು ಬಗೆ, ಮಧ್ಯಾಹ್ನದ ಸೆಕೆಯಲ್ಲಿ ತಿದ್ದಿದವಕ್ಕೆ ಮತ್ತೊಂದು ಬಗೆ. ಬಹಳ ಚೆನ್ನಾದ ಪ್ರಬಂಧದ ಬೆನ್ನಿಗೆ ಬಂದ ಸಾಧಾರಣ ಪ್ರಬಂಧಕ್ಕೆ ಅನ್ಯಾಯವಾಗಿತ್ತು. ಹತ್ತರಲ್ಲಿ ಎರಡು ಅಂಕದ ಏರುಪೇರು ನನಗೆ ಅಪರೂಪವಾಗಿ ಕಾಣಲಿಲ್ಲ. 33 ಬಂದವನ ಮನೆಯಲ್ಲಿ ಎರಡು ಅಂಕವೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಈ ಚಂಚಲತೆಗೆ ಮದ್ದೆಂದು ಬಂದದ್ದು ವಸ್ತುನಿಷ್ಠ ಪರೀಕ್ಷೆ. 1961ರಲ್ಲಿ ರಾಬರ್ಟ್ ಲ್ಯಾಡೊ ಎಂಬಾತ ಭಾಷಾಪರೀಕ್ಷೆಯ ಬಗ್ಗೆ ಬರೆದ ಪುಸ್ತಕ ಇದಕ್ಕೆ ಅಡಿಗಲ್ಲಾಯಿತು. ಭಾಷೆಯನ್ನು ಧ್ವನಿ, ಪದ, ವಾಕ್ಯರಚನೆ ಎಂದು ಬಿಡಿಸಿ, ಬಿಡಿಬಿಡಿಯಾಗಿ ಪ್ರಶ್ನೆ ಕೇಳುವುದು ಅದರ ಮಾರ್ಗ. ಅಮೆರಿಕಕ್ಕೆ ಓದಲು ಹೋಗುವವರಿಗಾಗಿ 1964ರಲ್ಲಿ ಆರಂಭವಾದ ಟೋಫೆಲ್ ಪರೀಕ್ಷೆ ಬಹುಕಾಲ ಇದೇ ಹಾದಿಯಲ್ಲಿ ನಡೆಯಿತು. ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಿದರಾಯಿತು. ಯಾರು ತಿದ್ದಿದರೂ, ಯಂತ್ರವೇ ತಿದ್ದಿದರೂ ಅಂಕ ಒಂದೇ. ಪರೀಕ್ಷಕನ ಸೆಕೆ, ಕಾಫಿ ಯಾವುದೂ ಅಲ್ಲಿ ನಡೆಯುವುದಿಲ್ಲ. ಇದು ದೊಡ್ಡ ಗುಣವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ರೈಲ್ವೆ ನಿಲ್ದಾಣದಲ್ಲಿ ಯಾರೂ ನಮಗೆ ನಾಲ್ಕು ವಾಕ್ಯ ಕೊಟ್ಟು ಒಂದನ್ನು ಆರಿಸಿಕೊಂಡು ಮಾತನಾಡು ಎನ್ನುವುದಿಲ್ಲ. ಹಾಲನ್ನು ಮೊಳದಿಂದ ಅಳೆದರೆ, ಮೊಳ ಎಷ್ಟೇ ನಿಖರವಾಗಿದ್ದರೂ ಪ್ರಯೋಜನವೇನು?

ಸ್ಥಿರವಾದ ಅಳತೆ ಬೇಕೆಂದು ಹೊರಟರೆ ಭಾಷೆಯ ಜೀವ ಕೈತಪ್ಪುತ್ತದೆ. ಜೀವವನ್ನು ಹಿಡಿಯ ಹೋದರೆ ಅಳತೆ ಅಲುಗಾಡುತ್ತದೆ. ಈ ಇಕ್ಕಟ್ಟು ಹೊಸದಲ್ಲ. ಇಂಗ್ಲಿಷು ಕಲಿತ ಪರದೇಶೀಯರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಒಂದು ಪರೀಕ್ಷೆಯನ್ನು 1913ರಲ್ಲಿ ಮೊದಲ ಬಾರಿಗೆ ನಡೆಸಿತು. ಅನುವಾದ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಕೊನೆಗೆ ಗಟ್ಟಿಯಾಗಿ ಓದುವುದು ಮತ್ತು ಸಂಭಾಷಣೆ. ಎಲ್ಲ ಸೇರಿ ಸುಮಾರು 12 ಗಂಟೆಗಳ ಪರೀಕ್ಷೆ. ಕುಳಿತವರು ಮೂವರು. ಮೂವರೂ ನಪಾಸು! ಆದರೂ ಒಂದು ಮಾತು ಗಮನಿಸಬೇಕು. ಅಭ್ಯರ್ಥಿಯ ಬಾಯಿಂದ ನಾಲ್ಕು ಮಾತು ಕೇಳಬೇಕೆಂಬ ವಿವೇಕ 1913ರ ಆ ಪರೀಕ್ಷಕರಿಗೆ ಇತ್ತು. ನಾನು ಹತ್ತನೆಯ ತರಗತಿಗೆ ಕಲಿಸಿದ ಅಷ್ಟೂ ವರ್ಷ, ಸಾರ್ವಜನಿಕ ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಗಳ ದನಿಯನ್ನು ಯಾವ ಪರೀಕ್ಷಕನೂ ಕೇಳಲಿಲ್ಲ.

ನಮ್ಮ ನೆರೆಯಲ್ಲಿಯೇ ನಡೆದ ಇನ್ನೊಂದು ಪ್ರಯೋಗವನ್ನು ನೆನೆಯುವುದು ಉಚಿತ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ಹೊಸ ಬಗೆಯ ಪಾಠಕ್ರಮವೊಂದನ್ನು ನಡೆಸಿದರು. 'ಬೆಂಗಳೂರು ಯೋಜನೆ' ಎಂಬ ಹೆಸರಿನಿಂದ ಅದು ಪ್ರಪಂಚದ ಇಂಗ್ಲಿಷು ಉಪಾಧ್ಯಾಯರಿಗೆಲ್ಲ ಪರಿಚಿತ. ಅಲ್ಲಿ ವ್ಯಾಕರಣದ ಪಾಠವಿಲ್ಲ. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಮೊದಲು ಸೇರುತ್ತದೆಂದು ಹೇಳು, ನಕ್ಷೆ ನೋಡಿ ದಾರಿ ತಿಳಿಸು, ಇಂಥ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸುವುದು. ಅರ್ಥದ ಕಡೆ ಮನಸ್ಸು ತೊಡಗಿದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂಡಿಕೊಳ್ಳುತ್ತದೆಂಬುದು ಪ್ರಭು ಅವರ ನಂಬಿಕೆ. ಯೋಜನೆಯ ಫಲವನ್ನು ಬೆರೆಟಾ ಮತ್ತು ಡೇವಿಸ್ ಎಂಬ ಹೊರಗಿನ ವಿದ್ವಾಂಸರು ಪರೀಕ್ಷಿಸಿ 1985ರಲ್ಲಿ ವರದಿ ಪ್ರಕಟಿಸಿದರು. ವ್ಯಾಕರಣದ ಪರೀಕ್ಷೆ ಕೊಟ್ಟಾಗ ಹಳೆಯ ಕ್ರಮದಲ್ಲಿ ಕಲಿತವರು ಮುಂದೆ. ಕೆಲಸದ ಪರೀಕ್ಷೆ ಕೊಟ್ಟಾಗ ಹೊಸ ಕ್ರಮದವರು ಮುಂದೆ. ಯಾರ ಕಡೆಯದೂ ಅಲ್ಲದ ಪರೀಕ್ಷೆಗಳಲ್ಲಿ ಒಟ್ಟಿನ ಮೇಲೆ ಹೊಸ ಕ್ರಮದವರದೇ ಮೇಲುಗೈಯಾಗಿತ್ತು.

ಇದರಿಂದ ನಾನು ತಿಳಿದುಕೊಂಡದ್ದು, ಮಕ್ಕಳು ಯಾವುದನ್ನು ಅಳೆಯುತ್ತೇವೆಯೋ ಅದನ್ನು ಬೆಳೆಯುತ್ತಾರೆ. ಪಠ್ಯಪುಸ್ತಕದ ಮುನ್ನುಡಿಯಲ್ಲಿ ಎಂಥ ಉನ್ನತ ಗುರಿಯನ್ನೇ ಬರೆದಿರಲಿ, ತರಗತಿಯಲ್ಲಿ ನಡೆಯುವುದು ಪ್ರಶ್ನೆಪತ್ರಿಕೆಯ ಆಡಳಿತ. ನಾನು ಊಟಿಗೆ ಎಂಟು ಅಂಕ ಕೊಟ್ಟಾಗ ನನ್ನ ತರಗತಿಯ 60 ಮಕ್ಕಳಿಗೂ ಊಟಿಯ ದಾರಿಯನ್ನು ತೋರಿಸಿದೆ.

ಮುಂದೆ ನನ್ನ ಮಟ್ಟಿಗೆ ಕೆಲವು ಬದಲಾವಣೆ ಮಾಡಿಕೊಂಡೆ. ಪ್ರತಿ ಪ್ರಬಂಧಕ್ಕೆ ಎರಡು ಅಂಕ ಬರೆಯತೊಡಗಿದೆ: ಹೇಳಿದ ವಿಷಯಕ್ಕೊಂದು, ಭಾಷೆಯ ಶುದ್ಧಿಗೊಂದು. ಒಂದು ಬಾರಿಗೆ ಒಂದೇ ಬಗೆಯ ತಪ್ಪನ್ನು ಗುರುತಿಸುತ್ತಿದ್ದೆ. ಉಳಿದವು ಮುಂದಿನ ಬಾರಿಗೆ. ಒಬ್ಬೊಬ್ಬರನ್ನಾಗಿ ಕರೆದು ಎರಡೆರಡು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿಸಿದೆ. ಇಡೀ ತರಗತಿಯನ್ನು ಹೀಗೆ ಮುಗಿಸಲು ಒಂದು ತಿಂಗಳು ಹಿಡಿಯಿತು. ಬರವಣಿಗೆಯಲ್ಲಿ ಸದಾ ಮೊದಲಿಗಳಾಗಿದ್ದ ಹುಡುಗಿ, ನಿನ್ನೆ ಮನೆಯಲ್ಲಿ ಏನು ಅಡಿಗೆ ಎಂದರೆ ಕಣ್ಣಲ್ಲಿ ನೀರು ತಂದುಕೊಂಡು ನಿಂತಳು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಂಜೆಯ ಹೊತ್ತು ಲೋಟ ತೊಳೆಯುತ್ತಿದ್ದ ಹುಡುಗ, ಕಾಗುಣಿತವೇ ಬಾರದವನು, ಹೊರರಾಜ್ಯದ ಲಾರಿ ಚಾಲಕರಿಂದ ಕಲಿತ ಹರಕುಮುರುಕು ಇಂಗ್ಲಿಷಿನಲ್ಲಿ ತನ್ನ ಯಜಮಾನನ ಗುಣಗಳನ್ನು ವರ್ಣಿಸಿ ನನ್ನನ್ನು ನಗಿಸಿದ. ಇಬ್ಬರ ಅಂಕಪಟ್ಟಿಗಳೂ ಅರ್ಧ ಸತ್ಯವನ್ನೇ ಹೇಳುತ್ತಿದ್ದವು.

ಇದಕ್ಕೆ ಆಕ್ಷೇಪಣೆ ಇರಲಿಲ್ಲವೆಂದಲ್ಲ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಬಹಳ ನಿಷ್ಠುರರು, ಒಮ್ಮೆ ಹೇಳಿದರು: "ದಯೆಯಿಂದ ಕೊಟ್ಟ ಅಂಕ ಖೋಟಾ ನಾಣ್ಯವಿದ್ದ ಹಾಗೆ ಕಣ್ರೀ. ನಿಮ್ಮ ಅಂಗಳದಲ್ಲಿ ನಡೆಯುತ್ತೆ, ಪೇಟೆಯಲ್ಲಿ ನಡೆಯೋದಿಲ್ಲ. ಹುಡುಗ ಪೇಟೆಗೆ ಹೋದಾಗ ಸಿಕ್ಕಿಬೀಳೋನು ಅವನು, ನೀವಲ್ಲ." ಆ ಮಾತಿನಲ್ಲಿ ತಿರುಳಿದೆ. 'ಗೋಡ್' ಎಂಬುದು ತಪ್ಪು. ಅದನ್ನು ಸರಿಯೆಂದು ಹೇಳುವುದು ವಂಚನೆ. ಬಹಳ ಯೋಚಿಸಿದ ಮೇಲೆ ನನಗೆ ತೋರಿದ್ದಿಷ್ಟು: ಶಿಷ್ಯ ಎಲ್ಲಿಯವರೆಗೆ ಬಂದಿದ್ದಾನೆಂದು ಅವನಿಗೆ ಹೇಳುವುದು ಒಂದು ಕೆಲಸ, ಅವನು ಎಷ್ಟರವನೆಂದು ಲೋಕಕ್ಕೆ ಹೇಳುವುದು ಇನ್ನೊಂದು ಕೆಲಸ. ಮೊದಲನೆಯದು ಪ್ರತಿದಿನ ನಡೆಯಬೇಕಾದದ್ದು, ಎರಡನೆಯದು ವರ್ಷಕ್ಕೊಮ್ಮೆ. ನಾವು ಎರಡನ್ನೂ ಒಂದೇ ಕೆಂಪು ಸಂಖ್ಯೆಯಲ್ಲಿ ಮಾಡಹೊರಟು ಮೊದಲನೆಯದನ್ನು ಮರೆತಿದ್ದೇವೆ.

ಈಚೆಗೆ ಲೋಕದ ಪರೀಕ್ಷೆಗಳೂ ಸ್ವಲ್ಪ ದಾರಿ ಬದಲಿಸಿವೆ. ಯೂರೋಪಿನ ಕೌನ್ಸಿಲ್ 2001ರಲ್ಲಿ ಭಾಷಾಕಲಿಕೆಗೆ ಆರು ಮೆಟ್ಟಿಲುಗಳನ್ನು ಗೊತ್ತುಪಡಿಸಿತು. ಪ್ರತಿ ಮೆಟ್ಟಿಲಿನಲ್ಲಿ ಕಲಿಯುವವನು ಏನು ಮಾಡಬಲ್ಲ ಎಂದು ವಿವರಿಸಿದ್ದಾರೆ: ತನ್ನ ಪರಿಚಯ ಹೇಳಿಕೊಳ್ಳಬಲ್ಲನೆ, ನಡೆದ ಘಟನೆಯನ್ನು ತಿಳಿಸಬಲ್ಲನೆ, ತನ್ನ ಅಭಿಪ್ರಾಯವನ್ನು ಸಮರ್ಥಿಸಬಲ್ಲನೆ ಎಂದು. ಹೊರದೇಶಕ್ಕೆ ಹೊರಟ ನಮ್ಮ ದಾದಿಯರೂ ಎಂಜಿನಿಯರುಗಳೂ ಬರೆಯುವ ಐಇಎಲ್‌ಟಿಎಸ್ ಪರೀಕ್ಷೆ 1989ರಲ್ಲಿ ಬಂದದ್ದು. ಅದರಲ್ಲಿ ಪರೀಕ್ಷಕನೊಡನೆ 11ರಿಂದ 14 ನಿಮಿಷಗಳ ಸಂಭಾಷಣೆಯಿದೆ. ಪಾಸು ನಪಾಸು ಎಂಬ ಮಾತಿಲ್ಲ. ನಮ್ಮ ರಾಜ್ಯದ ಹತ್ತನೆಯ ತರಗತಿಯಲ್ಲಿಯೂ, ನಾನು ನಿವೃತ್ತನಾದ ಮೇಲೆ, ಆಂತರಿಕ ಮೌಲ್ಯಮಾಪನಕ್ಕೆಂದು 20 ಅಂಕ ಉಪಾಧ್ಯಾಯನ ಕೈಗೆ ಬಂದವು. ಆ ಅಂಕಗಳು ಮಗುವಿನ ಮಾತನ್ನು ಕಿವಿಗೊಟ್ಟು ಕೇಳಿ ಕೊಟ್ಟವೋ, ಪಟ್ಟಿ ತುಂಬಿಸಲು ಕೊಟ್ಟವೋ ಎಂಬುದು ಆಯಾ ಉಪಾಧ್ಯಾಯನ ಮನಸ್ಸಾಕ್ಷಿಗೆ ಮಾತ್ರ ಗೊತ್ತಿರುವ ವಿಷಯ.

ನನ್ನ ಮನಸ್ಸಾಕ್ಷಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಆ ಕುರುಬರ ಹುಡುಗನನ್ನು ನಾನು ಮತ್ತೆ ನೋಡಲಿಲ್ಲ. ನೋಡಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಎಂಟು ಅಂಕ ಪಡೆದ ಊಟಿಯ ಪ್ರಬಂಧದ ಒಂದು ವಾಕ್ಯವೂ ಇಂದು ನನ್ನ ನೆನಪಿನಲ್ಲಿಲ್ಲ. ಒಂದೂವರೆ ಅಂಕದ ಆ ನಾಲ್ಕು ವಾಕ್ಯಗಳನ್ನು, ನಲವತ್ತು ವರ್ಷಗಳು ಕಳೆದಿದ್ದರೂ, ಕಾಗುಣಿತದ ತಪ್ಪಿನೊಡನೆ ನಿಮಗೆ ಒಪ್ಪಿಸಿದ್ದೇನೆ. ಒಂದು ಕುರಿ ಸತ್ತ ದಿನ ಆ ಮನೆಯ ಯಜಮಾನ ಉಣ್ಣಲಿಲ್ಲವೆಂಬ ಸುದ್ದಿಯನ್ನು, ತನ್ನದಲ್ಲದ ಭಾಷೆಯಲ್ಲಿ, ಹದಿನಾಲ್ಕು ವರ್ಷದ ಹುಡುಗನೊಬ್ಬ ನನಗೆ ತಲಪಿಸಿದ್ದ. ಭಾಷೆ ಇರುವುದು ಅದಕ್ಕಾಗಿಯೇ ಅಲ್ಲವೆ? ಅವನು ಪರೀಕ್ಷೆಯಲ್ಲಿ ಗೆದ್ದಿದ್ದ. ಅದನ್ನು ಓದಲು ಅಲ್ಲಿ ಇದ್ದವನು ನಾನೊಬ್ಬನೇ. ನಾನು ಓದದೆ ತಿದ್ದಿದೆ.